ತಾಂಡಾ ಶಾಲೆ ಶಿಕ್ಷಕಿ: ಎಂ.ಎಡ್. ಮಾಡಲಾ, ಎಂ.ಎ. ಎಜುಕೇಶನ್ ಮಾಡಲಾ?

ತಾಂಡಾ ಟೀಚರ್ (ವಿಜಯಪುರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಶಿಕ್ಷಕಿ. ಡಿ.ಎಡ್. ಮುಗಿಸಿ 2009ರಲ್ಲಿ ಸೇರಿದೆ. ಕೆಲಸದಲ್ಲಿದ್ದುಕೊಂಡೇ ದೂರಶಿಕ್ಷಣದಲ್ಲಿ ಬಿ.ಎ., ಆಮೇಲೆ ಕನ್ನಡ ಎಂ.ಎ. ಮಾಡಿಕೊಂಡೆ. ಎಂ.ಎ.ದಲ್ಲಿ 58 ಪರ್ಸೆಂಟ್ ಇದೆ. ಬಿ.ಎಡ್. ಮಾಡಿಲ್ಲ. ಮಗಳು ಎಂಟನೇ ಕ್ಲಾಸು. ಯಜಮಾನರು ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೀತಾರೆ. ಎರಡು ವರ್ಷ ಮನೆ ಬಿಟ್ಟಿರೋದು ಆಗೋದೇ ಇಲ್ಲ ಅಂತಲ್ಲ, ಆದರೆ ಅತ್ತೆಯವರಿಗೆ ಹೇಳೋದು ಹೇಗೆ ಅಂತ ಇನ್ನೂ ಯೋಚನೆ ಮಾಡಿಲ್ಲ.

ಶಾಲೆ ತಾಂಡಾದಲ್ಲಿದೆ. ಮಕ್ಕಳ ಮನೆಮಾತು ಲಂಬಾಣಿ. ದಸರೆ ಆದಮೇಲೆ ಕಬ್ಬು ಕಡಿಯೋ ಗ್ಯಾಂಗುಗಳು ಸಾಂಗ್ಲಿ, ಕೊಲ್ಹಾಪುರ ಕಡೆ ಹೊರಡುತ್ತವೆ. ಅಜ್ಜಿ ಇರೋ ಮಕ್ಕಳು ಉಳೀತಾವೆ, ಇಲ್ಲದವು ಟ್ರ್ಯಾಕ್ಟರ್ ಹತ್ತುತ್ತಾವೆ. ಯುಗಾದಿ ಹೊತ್ತಿಗೆ ವಾಪಸ್ ಬರ್ತಾವೆ. ಒಂದರಿಂದ ಮೂರರವರೆಗೆ ನಲಿಕಲಿ (ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳ ಮೂಲಕ ಕಲಿಯೋ ಪದ್ಧತಿ) ನನ್ನದೇ. ರ ಗ ಸ ದ ಅ ಮುಗಿಸಿದ ಮಗು 'ಸರ', 'ಅರಸ', 'ಗರಗಸ' ಅಂತ ಪಟಪಟ ಓದುತ್ತೆ, ಕಾರ್ಡು ದಾಟುತ್ತೆ, ಪ್ರಗತಿ ನೋಟದಲ್ಲಿ ಗುರುತೂ ಬೀಳುತ್ತೆ. ಅದೇ ಮಗು ಮೂರನೇ ಕ್ಲಾಸಿಗೆ ಬಂದಾಗ ನಾಲ್ಕು ಸಾಲಿನ ಕಥೆ ಕೊಟ್ಟರೆ ಅಕ್ಷರ ಅಕ್ಷರ ಕೂಡಿಸಿ ಕೊನೆವರೆಗೆ ಓದುತ್ತೆ. ಏನು ಓದಿದಿ ಅಂದರೆ ನನ್ನ ಮುಖ ನೋಡುತ್ತೆ. ನಮ್ಮಲ್ಲಿ ಒಬ್ಬಳಿದಾಳೆ, ಲಂಬಾಣಿಯಲ್ಲಿ ಕಥೆ ಹೇಳು ಅಂದರೆ ಗಂಟೆ ಹೊಡೆದರೂ ನಿಲ್ಲಿಸೋದಿಲ್ಲ. ಕನ್ನಡ ಪುಸ್ತಕ ಕೈಗೆ ಕೊಟ್ಟ ತಕ್ಷಣ ಮೂಕಿ. ತರಬೇತಿಗಳಲ್ಲಿ ಕೇಳಿದರೆ "ಅಭ್ಯಾಸ ಜಾಸ್ತಿ ಮಾಡಿಸಿ ಮೇಡಂ" ಅಂತಾರೆ. ಅಭ್ಯಾಸ ಮಾಡಿಸಿದ್ದಕ್ಕೇ ಆ ಮಗು ಅಷ್ಟಾದರೂ ಓದಿದ್ದು. ಆಮೇಲಿನದು ಯಾಕೆ ಬರ್ತಿಲ್ಲ ಅನ್ನೋದು ನನ್ನ ಪ್ರಶ್ನೆ.

ಅದಕ್ಕೆ ಮುಂದೆ ಓದಬೇಕು ಅನ್ನಿಸಿದೆ. ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿವಿಯಲ್ಲಿ ಎಂ.ಎಡ್. ಇದೆ. ದೆಹಲಿಯ ಮುಕ್ತ ವಿವಿ ಇಗ್ನೋದ ಎಂ.ಎ. ಎಜುಕೇಶನ್ ಮನೆಯಲ್ಲೇ ಕೂತು ಮಾಡಬಹುದು ಅಂತಾರೆ. ತರಬೇತಿಗೆ ಬಂದಿದ್ದ ಒಬ್ಬ ಸಂಪನ್ಮೂಲ ವ್ಯಕ್ತಿ ಅಜೀಂ ಪ್ರೇಮ್‌ಜಿ ವಿವಿಗೆ ಹೋಗಿ ಅಂದರು. ಸಹೋದ್ಯೋಗಿ ಒಬ್ಬರು ಇದ್ಯಾವುದೂ ಬೇಡ, ಕನ್ನಡದಲ್ಲೇ ಪಿಎಚ್.ಡಿ. ಮಾಡಿ, ಹೆಸರ ಮುಂದೆ ಡಾ. ಬರುತ್ತೆ ಅಂತಾರೆ. ಮುಂದೆ ಎಂದಾದರೂ ಡಯಟ್‌ನಲ್ಲೋ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ) ಬಿ.ಎಡ್. ಕಾಲೇಜಿನಲ್ಲೋ ಪಾಠ ಮಾಡೋ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಯಾವುದು ಆರಿಸಿಕೊಳ್ಳಲಿ?

ಗುರು_ಪ್ರಸನ್ನ

ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ ಮೇಡಂ, ಎಂ.ಎಡ್. ಮಾಡಿ. ನಮ್ಮ ಕಡೆ ಒಂದು ಕಾಲೇಜಿದೆ, ಹಾಜರಾತಿ ಎಲ್ಲ ಅವರೇ ನೋಡ್ಕೋತಾರೆ, ಪರೀಕ್ಷೆಗೆ ಹೋದರೆ ಸಾಕು. ಇನ್‌ಬಾಕ್ಸ್‌ಗೆ ಬನ್ನಿ.

ಬಿ.ಎಡ್. ಮೇಷ್ಟ್ರು

ಮೇಡಂ, ಮೇಲಿನವರ ಇನ್‌ಬಾಕ್ಸ್‌ಗೆ ಮಾತ್ರ ಹೋಗಬೇಡಿ.

ನಾನು ಅನುದಾನಿತ ಬಿ.ಎಡ್. ಕಾಲೇಜೊಂದರಲ್ಲಿ ಪಾಠ ಮಾಡುವವನು. ಈ "ನೋಡ್ಕೋತಾರೆ" ಎನ್ನುವುದರ ಕಥೆ ನನಗೆ ಚೆನ್ನಾಗಿ ಗೊತ್ತು. ಶಿಕ್ಷಕರ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ಎನ್‌ಸಿಟಿಇಯ 2014ರ ನಿಯಮಾವಳಿ ಬಂದಮೇಲೆ ಎಂ.ಎಡ್. ಎರಡು ವರ್ಷದ್ದಾಯಿತು. ವರ್ಷಕ್ಕೆ 200 ಕೆಲಸದ ದಿನ, ತರಗತಿಗೆ ಕನಿಷ್ಠ 80 ಪರ್ಸೆಂಟ್ ಹಾಜರಾತಿ, ಕ್ಷೇತ್ರಕಾರ್ಯಕ್ಕೆ 90. ನೀವು ಸರ್ಕಾರಿ ನೌಕರರು. ಒಂದೇ ದಿನ ತಾಂಡಾದ ಹಾಜರಿ ಪುಸ್ತಕದಲ್ಲೂ ನಿಮ್ಮ ಸಹಿ, ಕಾಲೇಜಿನ ಹಾಜರಿ ಪುಸ್ತಕದಲ್ಲೂ ನಿಮ್ಮ ಸಹಿ ಇದ್ದರೆ ಎರಡರಲ್ಲಿ ಒಂದು ಸುಳ್ಳು. ಅದನ್ನು ಹಿಡಿಯಲು ಪತ್ತೇದಾರ ಬೇಕಿಲ್ಲ. ನಿಮ್ಮ ಮೇಲೆ ಹೊಟ್ಟೆಕಿಚ್ಚಿರುವ ಒಬ್ಬರು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದರೆ ಮುಗಿಯಿತು. ಪದವಿಯೂ ಹೋಗುತ್ತದೆ, ಇಲಾಖಾ ವಿಚಾರಣೆಯೂ ಶುರುವಾಗುತ್ತದೆ.

ಈಗ ವಿಷಯಕ್ಕೆ ಬರೋಣ. ನೀವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ. ಆ ಹುಡುಗಿ ಯಾಕೆ ಅರ್ಥ ಮಾಡಿಕೊಳ್ಳುತ್ತಿಲ್ಲ ಎನ್ನುವುದು ಒಂದು. ಬಿ.ಎಡ್. ಕಾಲೇಜಿಗೆ ಹೋಗುವುದು ಹೇಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ, ಬೇರೆಯವರು ಹೇಳಲಿ. ಎರಡನೆಯದು ನನ್ನ ದಿನನಿತ್ಯದ ಕಸುಬು.

ಬಿ.ಎಡ್. ಕಾಲೇಜಿನಲ್ಲಿ ಕನ್ನಡ ಬೋಧನಾ ವಿಧಾನ ಕಲಿಸಬೇಕಾದರೆ ಕನ್ನಡ ಎಂ.ಎ. 55 ಪರ್ಸೆಂಟ್, ಜೊತೆಗೆ ಎಂ.ಎಡ್. 55 ಪರ್ಸೆಂಟ್ ಬೇಕು. ಮೊದಲನೆಯದು ನಿಮ್ಮ ಕೈಯಲ್ಲಿದೆ. ಶಿಕ್ಷಣದ ತತ್ವಶಾಸ್ತ್ರ, ಮನೋವಿಜ್ಞಾನದಂಥ ಪತ್ರಿಕೆಗಳಿಗೆ ಇನ್ನೊಂದು ದಾರಿಯೂ ಇದೆ: ಎಂ.ಎ. ಎಜುಕೇಶನ್ 55, ಜೊತೆಗೆ ಬಿ.ಎಡ್. 55. ಅಂದರೆ ಬಿ.ಎಡ್. ಇಲ್ಲದೆ ಬರೀ ಎಂ.ಎ. ಎಜುಕೇಶನ್ ಮಾಡಿದರೆ ಈ ಬಾಗಿಲು ನಿಮಗೆ ತೆರೆಯುವುದಿಲ್ಲ. ಇಗ್ನೋ ಆಗಲಿ, ಸರ್ಜಾಪುರದ ದೊಡ್ಡ ಹೆಸರು ಅಜೀಂ ಪ್ರೇಮ್‌ಜಿ ಆಗಲಿ, ವ್ಯತ್ಯಾಸ ಇಲ್ಲ. ಇದನ್ನು ಯಾವ ಪ್ರಾಸ್ಪೆಕ್ಟಸ್‌ನಲ್ಲೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ. ನನ್ನ ಬಳಿಗೆ ಎಂ.ಎ. ಎಜುಕೇಶನ್ ಸರ್ಟಿಫಿಕೇಟ್ ಹಿಡಿದು ಕೆಲಸ ಕೇಳಿಕೊಂಡು ಬಂದವರಿಗೆ ನಿಮ್ಮ ಬಿ.ಎಡ್. ಎಲ್ಲಿ ಎಂದು ಕೇಳುವಾಗ ನನಗೇ ಸಂಕಟವಾಗುತ್ತದೆ.

ಇನ್ನೊಂದು ವಿಚಾರ ಬಹಳ ಜನಕ್ಕೆ ಗೊತ್ತಿಲ್ಲ. ಎಂ.ಎಡ್.ಗೆ ಬಿ.ಎಡ್. ಕಡ್ಡಾಯ ಅಲ್ಲ. ಡಿ.ಎಡ್. ಮತ್ತು ಪದವಿ ಇದ್ದು, ಎರಡರಲ್ಲೂ ತಲಾ 50 ಪರ್ಸೆಂಟ್ ಇದ್ದರೆ 2014ರ ನಿಯಮದ ಪ್ರಕಾರ ಅರ್ಹರು. ಪರಿಶಿಷ್ಟರಿಗೆ ಮತ್ತಿತರರಿಗೆ ರಿಯಾಯಿತಿ ಇದೆ. ಆದರೆ ವಿವಿಯ ಆ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಅದನ್ನು ಒಪ್ಪಿಕೊಂಡಿದ್ದಾರಾ ಎಂದು ಓದಿ ನೋಡಿ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ನಿಮ್ಮ ಬಿ.ಎ. ಅಂಕ ಎಷ್ಟು, ಅದನ್ನೇ ಬರೆದಿಲ್ಲವಲ್ಲ?

ಮತ್ತೆ, ಎಂ.ಎಡ್. ದೂರಶಿಕ್ಷಣದಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2014ರ ಪಟ್ಟಿಯಲ್ಲಿ 15 ಕೋರ್ಸುಗಳಿವೆ. ದೂರಶಿಕ್ಷಣದ ಡಿ.ಎಲ್.ಎಡ್. (ನಿಮ್ಮ ಡಿ.ಎಡ್.ನ ಈಗಿನ ಹೆಸರು) ಇದೆ, ದೂರಶಿಕ್ಷಣದ ಬಿ.ಎಡ್. ಇದೆ, ದೂರಶಿಕ್ಷಣದ ಎಂ.ಎಡ್. ಇಲ್ಲ. ಎಂ.ಎ. ಎಜುಕೇಶನ್ ಆ ಪಟ್ಟಿಯಲ್ಲೇ ಬರುವುದಿಲ್ಲ, ಅದು ವಿವಿಗಳನ್ನು ನೋಡಿಕೊಳ್ಳುವ ಯುಜಿಸಿ ಪಾಲು. ಹಾಗಾಗಿಯೇ ಇಗ್ನೋ ಅದನ್ನು ಅಂಚೆಯಲ್ಲಿ ಕಳಿಸಬಲ್ಲದು.

ಡಯಟ್ ಅಜ್ಜ (ಧಾರವಾಡ)

ಅಕ್ಕೋರ, ನಾ ನಿವೃತ್ತ ಆಗೀನ್ರಿ. ಡಯಟ್‌ನ್ಯಾಗ ಭಾಳ ವರ್ಷ ಇದ್ದೆ, ಅದಕ್ಕ ಆ ಆಸೆ ಬಗ್ಗೆ ಒಂದ್ ಮಾತು ಹೇಳತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಡಯಟ್ ಅಂದ್ರ 1986ರ ರಾಷ್ಟ್ರೀಯ ನೀತಿ ಬಂದ ಮ್ಯಾಲೆ ಹುಟ್ಟಿದ್ದು. ಶಿಕ್ಷಕರಿಗೆ ಕಲಿಸಾವ್ರು ಬ್ಯಾರೆ ಇರಬೇಕು, ಅವರು ಪ್ರಾಥಮಿಕ ಶಾಲಿ ಕಂಡಾವ್ರ ಇರಬೇಕು ಅನ್ನೋದು ಅದರ ಆಶಯ. ನಮ್ಮ ರಾಜ್ಯದಾಗ ಏನ್ ಆತು? ಡಯಟ್ ಉಪನ್ಯಾಸಕರ ಹುದ್ದಿ ಆಡಳಿತದ ವೃಂದದ ಜೋಡಿನ ಉಳೀತು. ಇವತ್ತು ಬಿಇಒ (ತಾಲೂಕಿನ ಶಿಕ್ಷಣಾಧಿಕಾರಿ) ಇದ್ದಾವ್ರು ನಾಳೆ ಡಯಟ್‌ಗೆ ಬರತಾರ, ಡಯಟ್‌ನ್ಯಾಗ ಇದ್ದಾವ್ರು ಯಾವಾಗ ಬಿಇಒ ಆಗೋದು ಅಂತ ಕಾಯ್ಕೋತ ಕುಂತಿರತಾರ. ಎಂ.ಎಡ್. ಮಾಡಿದ್ರ ನೆಟ್ಟಗ ಡಯಟ್‌ಗೆ ಹೋಗಬಹುದು ಅಂತ ಲೆಕ್ಕ ಹಾಕಬ್ಯಾಡ್ರಿ. ಸಿಆರ್‌ಪಿ, ಬಿಆರ್‌ಪಿ (ಕ್ಲಸ್ಟರ್, ಬ್ಲಾಕ್ ಸಂಪನ್ಮೂಲ ವ್ಯಕ್ತಿ) ಆಗೂದಿದ್ರ ಅದಕ್ಕ ಬ್ಯಾರೆ ಪರೀಕ್ಷಾ ಐತಿ, ಎಂ.ಎಡ್. ಬೇಕಾಗಿಲ್ಲ. ಅಲ್ಲೂ ಕಾಗದಪತ್ರದ ಕೆಲಸನ ಜಾಸ್ತಿ ಅನ್ರಿ.

ಇನ್ನ ಕೋರ್ಸಿನ ಮಾತು. ಹೆಸರು ನೋಡಿ ಆರಿಸಬ್ಯಾಡ್ರಿ. ಆ ವಿಭಾಗದ ಗ್ರಂಥಾಲಯಕ್ಕ ಹೋಗ್ರಿ. ಒಂದು ಮೂಲ್ಯಾಗ ಎಂ.ಎಡ್. ಪ್ರಬಂಧಗಳ ಕಪಾಟು ಇರತೈತಿ, ಕಪ್ಪು ರಟ್ಟು, ಬಂಗಾರದ ಅಕ್ಷರ. ಹತ್ತು ತಗದು ಹೆಸರು ಓದ್ರಿ. "ಪ್ರೌಢಶಾಲಾ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆ ಮತ್ತು ಭಾವನಾತ್ಮಕ ಬುದ್ಧಿಮತ್ತೆ: ಒಂದು ಅಧ್ಯಯನ." ಮುಂದಿನದ ತಗದ್ರ ಭಾವನಾತ್ಮಕ ಬುದ್ಧಿಮತ್ತೆ ಹೋಗಿ ಆತ್ಮವಿಶ್ವಾಸ ಬಂದಿರತೈತಿ. ಅದರ ಮುಂದಿನದರಾಗ ಮೊಬೈಲ್ ಬಳಕೆ. ಒಳಗ ಅದ ಕಥಿ: ಬಾಲಕ ಬಾಲಕಿ, ನಗರ ಗ್ರಾಮೀಣ, ಅನುದಾನಿತ ಅನುದಾನರಹಿತ, ಟಿ-ಮೌಲ್ಯ ಅನ್ನೋ ಅಂಕಿಸಂಖ್ಯೆ ಲೆಕ್ಕ, "ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ". ಇಂಥಾವು ಮಾತ್ರ ಇದ್ರ ನಿಮ್ಮ ಆ ಲಂಬಾಣಿ ಹುಡಿಗಿಗೆ ಅಲ್ಲಿ ಜಾಗ ಇಲ್ಲ. ಅದರ ನಡುವ ಒಂದ್ ನಾಕು ಪ್ರಬಂಧ ಒಂದ್ ಶಾಲಿ ಹಿಡಕೊಂಡು, ಒಂದ್ ತರಗತಿ ಹಿಡಕೊಂಡು ಬರದಾವು ಸಿಕ್ಕುವು ಅಂದ್ರ, ಮಾರ್ಗದರ್ಶಕರು ಯಾರು ಅಂತ ಹೆಸರು ಬರ್ಕೋರಿ. ಅವರನ್ನ ಹೋಗಿ ಭೆಟ್ಟಿ ಆಗ್ರಿ. ನಿವೃತ್ತಿ ಯಾವಾಗ ಅನ್ನೋದೂ ಕೇಳ್ಕೋರಿ, ಇದ ಮುಖ್ಯ!

ಇನ್ನೊಂದು. ಎರಡು ವರ್ಷದ ಎಂ.ಎಡ್.ದಾಗ ಪ್ರಾಥಮಿಕ ಶಿಕ್ಷಣ ಇಲ್ಲಾ ಪ್ರೌಢ ಶಿಕ್ಷಣ, ಒಂದು ವಿಶೇಷ ಅಧ್ಯಯನ ತಗೋಬೇಕು. ಭಾಳ ಕಡೆ ಪುಸ್ತಕದಾಗ ಎರಡೂ ಇರತಾವು, ಕಲಿಸೋದು ಪ್ರೌಢದ್ದು ಒಂದ. ಪ್ರಾಥಮಿಕದ್ದು ಈ ವರ್ಷ ನಡೀತೈತೇನು ಅಂತ ವಿದ್ಯಾರ್ಥಿಗಳನ್ನ ಕೇಳ್ರಿ, ಕಚೇರಿಯವರನ್ನ ಅಲ್ಲ.

ಹಾದಿಬೀದಿ

ಪಿಎಚ್.ಡಿ. ಯಾಕೆ ಬೇಡ? ಕನ್ನಡ ಎಂ.ಎ.ದಲ್ಲಿ 55 ದಾಟಿದೆ. ಯುಜಿಸಿಯ 2022ರ ನಿಯಮದಲ್ಲಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಇದೆ, ಇಲಾಖೆಯ ನಿರಾಕ್ಷೇಪಣಾ ಪತ್ರ ಕೊಟ್ಟರೆ ಆಯ್ತು. ಲಂಬಾಣಿ ಮೌಖಿಕ ಕಥನಗಳ ಮೇಲೆ ಮಾಡಿ, ಕ್ಷೇತ್ರ ಕಾಲಬುಡದಲ್ಲೇ ಇದೆ.

ಬಿ.ಎಡ್. ಮೇಷ್ಟ್ರು

@ಹಾದಿಬೀದಿ ಒಳ್ಳೆ ವಿಷಯವೇ, ತಕರಾರಿಲ್ಲ. ಆದರೆ ಮೇಡಂ ಕೇಳುತ್ತಿರುವುದು ಆ ಹುಡುಗಿ ಹೇಳುವ ಕಥೆಯ ಬಗ್ಗೆ ಅಲ್ಲ, ಆ ಹುಡುಗಿ ಓದಲಾಗದ ಕಥೆಯ ಬಗ್ಗೆ. ಕನ್ನಡ ವಿಭಾಗದಲ್ಲಿ ಇದನ್ನು ತೆಗೆದುಕೊಂಡು ಹೋದರೆ ಕೊನೆಗೆ ಅದು ಜಾನಪದ ಆಗಿಯೇ ಹೊರಗೆ ಬರುತ್ತದೆ. ಅರೆಕಾಲಿಕ ಅಂದರೆ ಮನೆಯಲ್ಲೇ ಕೂತು ಮಾಡುವುದು ಅಂತಲೂ ಅಲ್ಲ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದಕ್ಕೆ ಹಾಜರಾಗಬೇಕು. ಕನಿಷ್ಠ 3 ವರ್ಷ, ಗರಿಷ್ಠ 6. ಮಾರ್ಗದರ್ಶಕರ ಸೀಟೂ ಮಿತಿಯದ್ದು: ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4. ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ಪಿಎಚ್.ಡಿ. ಕೊಡುತ್ತೇವೆ ಎನ್ನುವವರಿಗೆ ದುಡ್ಡು ಕಟ್ಟಿದರೆ ಆ ಡಾ. ಮದುವೆ ಕಾರ್ಡಿಗೆ ಮಾತ್ರ.

ಯಾದಗಿರಿ ಬಸ್ಸು

ಅಕ್ಕಾ, ನಾನು ಅಜೀಂ ಪ್ರೇಮ್‌ಜಿ ವಿವಿಯಲ್ಲೇ ಎಂ.ಎ. ಎಜುಕೇಶನ್ ಮಾಡಿದವಳು. ಈಗ ಕಲ್ಯಾಣ ಕರ್ನಾಟಕದಲ್ಲಿ ಶಿಕ್ಷಕರ ಜೊತೆ ಕೆಲಸ. ನಿಮ್ಮ ಪೋಸ್ಟ್ ಓದಿ ಸುಮ್ಮನೆ ಇರೋಕೆ ಆಗಲಿಲ್ಲ. ಯಾಕಂದ್ರೆ ನಿಮ್ಮ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ, ಅದರ ಮೇಲೆ ಕೆಲಸ ಆಗಿದೆ. ಯಾರೂ ನಿಮ್ಮ ಕೈಗೆ ಅದನ್ನ ತಂದುಕೊಟ್ಟಿಲ್ಲ ಅಷ್ಟೇ.

2011ರಿಂದ 2016ರವರೆಗೆ ಲಿರಿಲ್ ಅಂತ ಒಂದು ಅಧ್ಯಯನ ನಡೆಯಿತು. ಭಾರತೀಯ ಭಾಷೆಗಳಲ್ಲಿ ಮಕ್ಕಳು ಓದು ಬರಹ ಕಲಿಯೋದು ಹೇಗೆ ಅನ್ನೋದರ ಬಗ್ಗೆ. ಎರಡೇ ಕಡೆ ಮಾಡಿದ್ದು. ಮರಾಠಿಗೆ ಮಹಾರಾಷ್ಟ್ರದ ವಾಡಾ ತಾಲೂಕು, ಕನ್ನಡಕ್ಕೆ ನಮ್ಮ ಯಾದಗಿರಿ. ಶೈಲಜಾ ಮೆನನ್ ಮತ್ತು ಅವರ ತಂಡ ಒಂದೇ ಮಕ್ಕಳನ್ನ ಒಂದರಿಂದ ಮೂರನೇ ತರಗತಿವರೆಗೆ ಹಿಂಬಾಲಿಸಿದರು. ಯಾದಗಿರಿಯ ತರಗತಿಗಳು ನಲಿಕಲಿಯವೇ. ನೀವು ಬರೆದದ್ದನ್ನೇ ಅವರು ನೋಡಿದ್ದು: ಅಕ್ಷರ ಕಲಿಸೋಕೆ ಇಡೀ ದಿನ ಹೋಗುತ್ತೆ, ಅರ್ಥ ಮಾಡಿಕೊಂಡು ಓದೋಕೆ, ಸ್ವಂತವಾಗಿ ಬರೆಯೋಕೆ ಜಾಗ ತುಂಬ ಕಡಿಮೆ. ಅಕ್ಷರ ಪೂರ್ತಿ ಬಂದಮೇಲೆ ಅರ್ಥ ಕಲಿಸೋಣ ಅಂತ ಕಾಯೋದೇ ತೊಂದರೆ. ಯಾಕೆ ಅಂದ್ರೆ ಕನ್ನಡದಲ್ಲಿ ಅಕ್ಷರ "ಪೂರ್ತಿ" ಆಗೋದು ಬಹಳ ನಿಧಾನ. ಗುಣಿತ, ಒತ್ತು ಎಲ್ಲ ಸೇರಿ ಎಷ್ಟು ಚಿಹ್ನೆ! ಸೋನಾಲಿ ನಾಗ್ ಅವರು ಕನ್ನಡದ ಮಕ್ಕಳ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ನಾಲ್ಕನೇ ತರಗತಿವರೆಗೂ ಎಳೆಯುತ್ತೆ ಅಂತ ತೋರಿಸಿದಾರೆ. ಅಲ್ಲೀವರೆಗೆ ಕಥೆ ಮುಚ್ಚಿಡೋದಾ? ನಿಮ್ಮ ಹುಡುಗಿಗೆ ಇದರ ಮೇಲೆ ಭಾಷೆಯೂ ಬೇರೆ. 'ಗರಗಸ' ಅಂತ ಓದಿದಾಳೆ, ಮನೆಯಲ್ಲಿ ಅದಕ್ಕೆ ಏನಂತಾರೆ ಅಂತ ಯಾರಾದರೂ ಅವಳನ್ನ ಕೇಳಿದಾರಾ?

ಕೋರ್ಸಿನ ಬಗ್ಗೆ ನಿಜ ಹೇಳ್ತೀನಿ. ಸರ್ಜಾಪುರ ಹತ್ತಿರದ ಬುರುಗುಂಟೆ ಕ್ಯಾಂಪಸ್, ಎರಡು ವರ್ಷ, ಪೂರ್ಣಾವಧಿ. ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಮನೆಯ ಆದಾಯ ನೋಡಿ ಶುಲ್ಕದಲ್ಲಿ, ವಸತಿಯಲ್ಲಿ ಸಹಾಯ ಕೊಡ್ತಾರೆ, ದುಡ್ಡಿಲ್ಲ ಅಂತ ಅರ್ಜಿ ಹಾಕದೆ ಇರಬೇಡಿ. ಆದ್ರೆ ಪಾಠ ಇಂಗ್ಲಿಷ್‌ನಲ್ಲಿ, ಓದೋದು ಇಂಗ್ಲಿಷ್‌ನಲ್ಲಿ, ವಾರವಾರ ಬರೆಯೋದೂ ಇಂಗ್ಲಿಷ್‌ನಲ್ಲಿ. ನಾನು ಶಿರಸಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮೊದಲ ಸೆಮಿಸ್ಟರ್‌ನಲ್ಲಿ ಚರ್ಚೆ ನಡೆಯುವಾಗ ನನ್ನ ಮಾತು ಬಾಯಿಗೆ ಬರೋ ಹೊತ್ತಿಗೆ ಅವರು ಎರಡು ವಿಷಯ ಮುಂದೆ ಹೋಗಿರ್ತಿದ್ರು. ಅದು ದಾಟಿತು, ಆದ್ರೆ ಪುಕ್ಕಟೆಯಾಗಿ ದಾಟಲಿಲ್ಲ. ನಿಮ್ಮಂಥವರಿಗೆ ಅಲ್ಲಿ ಒಂದು ಬಲ ಇದೆ: ಇಪ್ಪತ್ತೆರಡರ ಹುಡುಗರ ಮಧ್ಯೆ ತರಗತಿ ಕಂಡವರು ಒಬ್ಬರಿದ್ರೆ ಚರ್ಚೆಯ ಧಾಟಿಯೇ ಬದಲಾಗುತ್ತೆ.

ಸರ್ಕಾರಿ ಕೆಲಸ ಬಿಡಿ ಅಂತ ಮಾತ್ರ ನಾನು ಹೇಳಲ್ಲ. ಸಂಸ್ಥೆಗಳಲ್ಲಿ ಕೆಲಸ ಸಿಗುತ್ತೆ, ಆದ್ರೆ ನಿಮ್ಮ ಶಾಲೆಗೆ ನಿಮ್ಮ ಜಾಗಕ್ಕೆ ಯಾರು ಬರ್ತಾರೆ ಅಂತ ನನಗೆ ಗೊತ್ತು. ಯಾರೂ ಬರಲ್ಲ.

ಒಂದು ಸಣ್ಣ ಕೆಲಸ ಮಾಡಿ. ಆ ವಿವಿಯದೇ 'ಅನುವಾದ ಸಂಪದ' ಅಂತ ಜಾಲತಾಣ ಇದೆ. ಶಿಕ್ಷಣದ ಲೇಖನಗಳು ಕನ್ನಡದಲ್ಲಿವೆ, ಪುಕ್ಕಟೆ. ಭಾಷಾ ಕಲಿಕೆ ಬಗ್ಗೆ ಇರೋದನ್ನ ಒಂದು ತಿಂಗಳು ಓದಿ. ಅದನ್ನ ಓದುವಾಗ ಇನ್ನೂ ಬೇಕು ಅನ್ನಿಸಿದರೆ ನೀವು ಕೋರ್ಸಿಗೆ ಸಿದ್ಧ. ನಿದ್ದೆ ಬಂದರೆ ನಿಮಗೆ ಬೇಕಾಗಿರೋದು ಪದವಿ, ಅದೂ ತಪ್ಪಲ್ಲ, ಮೇಷ್ಟ್ರು ಹೇಳಿದ ಹಾಗೆ ಮಾಡಿ.

ತಾಂಡಾ ಟೀಚರ್ (ವಿಜಯಪುರ ಜಿಲ್ಲೆ)

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. @ಯಾದಗಿರಿ ಬಸ್ಸು, ಇವತ್ತು ಬೆಳಿಗ್ಗೆ ಆ ಹುಡುಗಿಯನ್ನ ಕೇಳಿದೆ. ಗರಗಸ ಅಂದರೇನು ಅಂತ ಅವಳಿಗೆ ಗೊತ್ತೇ ಇಲ್ಲ! ಕಾರ್ಡಿನ ಚಿತ್ರದಲ್ಲಿರೋದನ್ನ ಬಾಚಣಿಗೆ ಅಂದುಕೊಂಡಿದ್ದಳು. ಅವಳ ಚಿಕ್ಕಪ್ಪ ಬಡಗಿ ಕೆಲಸ ಮಾಡ್ತಾನೆ, ಮನೆಯಲ್ಲಿ ದಿನಾ ನೋಡ್ತಾಳೆ. ಅವಳು ಹೇಳಿದ ಲಂಬಾಣಿ ಹೆಸರನ್ನ ಹಲಗೆ ಮೇಲೆ ಕನ್ನಡ ಅಕ್ಷರದಲ್ಲಿ ಬರೆದೆ. ಇಡೀ ಗುಂಪು ಎದ್ದು ಬಂತು.

@ಬಿ.ಎಡ್. ಮೇಷ್ಟ್ರು ಸರ್, ಬಿ.ಎ. ಅಂಕ ಬೇಕಂತಲೇ ಬರೆದಿರಲಿಲ್ಲ. 47. ಮಗಳು ಹುಟ್ಟಿದ ವರ್ಷ ಕೊನೆ ಪರೀಕ್ಷೆ ಬರೆದದ್ದು. ಡಿ.ಎಡ್.ದಲ್ಲಿ 71 ಇದೆ. ನಾನು ಸಾಮಾನ್ಯ ವರ್ಗ, ರಿಯಾಯಿತಿ ಇಲ್ಲ. ಅಂದರೆ ಮಹಿಳಾ ವಿವಿಯ ಎಂ.ಎಡ್. ನನಗೆ ಮುಚ್ಚಿದ ಹಾಗೇನಾ?

ಬಿ.ಎಡ್. ಮೇಷ್ಟ್ರು

ನೇರ ದಾರಿ ಮುಚ್ಚಿದೆ. ಸುತ್ತು ದಾರಿ ಇದೆ, ಮತ್ತು ನಿಮ್ಮ ಮಟ್ಟಿಗೆ ಅದೇ ವಾಸಿ.

ಬಿ.ಎಡ್. ಪ್ರವೇಶಕ್ಕೆ ಪದವಿಯಲ್ಲಾಗಲಿ ಸ್ನಾತಕೋತ್ತರದಲ್ಲಾಗಲಿ 50 ಇದ್ದರೆ ಸಾಕು. ನಿಮ್ಮ ಎಂ.ಎ. 58 ಕೈ ಹಿಡಿಯುತ್ತದೆ. ದೂರಶಿಕ್ಷಣದ ಬಿ.ಎಡ್. ಇರುವುದೇ ನಿಮ್ಮಂಥ ತರಬೇತಿ ಪಡೆದ, ಸೇವೆಯಲ್ಲಿರುವ ಪ್ರಾಥಮಿಕ ಶಿಕ್ಷಕರಿಗಾಗಿ. ಮೈಸೂರಿನ ಮುಕ್ತ ವಿವಿ ಇದೆ, ಇಗ್ನೋ ಇದೆ. ಎರಡು ವರ್ಷ. ಸಂಬಳ ನಿಲ್ಲುವುದಿಲ್ಲ, ಅತ್ತೆಯವರಿಗೂ ಏನೂ ಹೇಳಬೇಕಾಗಿಲ್ಲ. ಸಂಪರ್ಕ ತರಗತಿಗಳಿಗೆ ಮಾತ್ರ ಹೋಗಬೇಕು. ಇಗ್ನೋದ್ದಾದರೆ ಇಂಗ್ಲಿಷ್, ಹಿಂದಿ, ಹಾಗಾಗಿ ನೀವು ಮೈಸೂರಿನದನ್ನೇ ಮೊದಲು ನೋಡಿ. ದುಡ್ಡು ಕಟ್ಟುವ ಮುಂಚೆ ಯುಜಿಸಿ ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ನೋಡಿ. ವಿವಿಗೆ ಮಾನ್ಯತೆ ಇದ್ದರೆ ಸಾಲದು, ಕೋರ್ಸಿಗೂ ಇರಬೇಕು. ಈಗ ದೂರಶಿಕ್ಷಣಕ್ಕೆ ಸೇರುವವರೆಲ್ಲ ಆ ಬ್ಯೂರೋದ ಗುರುತಿನ ಸಂಖ್ಯೆ, ಅಂದರೆ ಡಿಇಬಿ ಐಡಿಯನ್ನೂ ಮಾಡಿಸಿಕೊಳ್ಳಬೇಕು.

ಬಿ.ಎಡ್. ಕೈಗೆ ಬಂದಮೇಲೆ ಬಾಗಿಲುಗಳು ಬೇರೆಯಾಗುತ್ತವೆ. ಎಂ.ಎಡ್.ಗೆ ಆಗ ಬಿ.ಎಡ್. ಅಂಕವನ್ನೇ ನೋಡುತ್ತಾರೆ, 50 ಸಾಕು. ಎಂ.ಎ. ಎಜುಕೇಶನ್ ಮಾಡಿದರೂ ಅದು ಅರ್ಧ ಪದವಿ ಆಗುವುದಿಲ್ಲ. ಹಾಗಾಗಿ ಬಿ.ಎಡ್.ನಲ್ಲಿ 55ಕ್ಕಿಂತ ಕೆಳಗೆ ಇಳಿಯಬೇಡಿ, ಯಾಕೆ ಎಂದು ಮೇಲೆ ಹೇಳಿದ್ದೇನೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, 1963ರದು, ಕೇಂದ್ರದ ಎನ್‌ಸಿಇಆರ್‌ಟಿ ನಡೆಸುವುದು, ಅಲ್ಲಿನ ಎಂ.ಎಡ್.ಗೂ ಅರ್ಜಿ ಹಾಕಬಹುದು. ಅದಕ್ಕೆ ಎನ್‌ಸಿಇಆರ್‌ಟಿಯೇ ಪ್ರವೇಶ ಪರೀಕ್ಷೆ ಮಾಡುತ್ತದೆ. ದಕ್ಷಿಣದ ಎಲ್ಲ ರಾಜ್ಯದವರೂ ಬರುತ್ತಾರೆ, ಪೈಪೋಟಿ ಇರುತ್ತದೆ.

ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಬರೆಯುವ ಯೋಚನೆ ಬಂದರೆ ಒಂದು ಮಾತು: ಎಜುಕೇಶನ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಬರುತ್ತದೆ. ಕನ್ನಡದಲ್ಲಿ ಓದಿದವರು ಪರಿಭಾಷೆಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಳ್ಳುವುದು ಮೊದಲ ದಿನದಿಂದಲೇ ಒಳ್ಳೆಯದು.

ಎಲ್ಲಕ್ಕಿಂತ ಮೊದಲು: ಪ್ರವೇಶ ಪಡೆಯುವ ಮುಂಚೆ ಇಲಾಖೆಯಿಂದ ಪೂರ್ವಾನುಮತಿ. ಮುಖ್ಯಗುರುಗಳ ಮೂಲಕ ಬಿಇಒಗೆ ಅರ್ಜಿ, ಟಪಾಲಿನಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿ ನಿಮ್ಮ ಬಳಿ. ಅನುಮತಿ ಬಂದದ್ದು ಎಸ್.ಆರ್.ನಲ್ಲಿ (ಸೇವಾ ಪುಸ್ತಕ) ನಮೂದಾಗಲಿ. ಓದಿ ಮುಗಿಸಿದ ಮೇಲೆ ಅನುಮತಿ ಕೇಳಲು ಹೋದವರು ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದನ್ನು ನಾನು ಬಹಳ ನೋಡಿದ್ದೇನೆ.

ಡಯಟ್ ಅಜ್ಜ (ಧಾರವಾಡ)

ಮೇಷ್ಟ್ರು ಹೇಳಿದ್ದು ಖರೇ ಐತಿ. ನಾ ಒಂದ ಸೇರಸ್ತೀನಿ. ಬಿ.ಎಡ್.ದಾಗ ಪ್ರಾಜೆಕ್ಟು, ಕ್ರಿಯಾಸಂಶೋಧನಾ ಅಂತ ಇರತಾವು. ಪ್ಯಾಟಿ ಅಂಗಡಿಯೊಳಗ ಸಿದ್ಧ ಸಿಗತಾವು, ತಗೋಬ್ಯಾಡ್ರಿ. ಆ ಗರಗಸದ ಹುಡಿಗೀದ ಬರೀರಿ. ಒಂದ್ ವರ್ಷ ಅಕಿ ಏನು ಓದಿದ್ಲು, ಏನು ತಿಳ್ಕೊಂಡ್ಲು, ಕಬ್ಬಿಗೆ ಹೋಗಿ ಬಂದಮ್ಯಾಲೆ ಎಷ್ಟು ಉಳದಿತ್ತು, ತಾರೀಖು ಹಾಕಿ ಬರದಿಡ್ರಿ. ಮುಂದ ಎಂ.ಎಡ್. ಸಂದರ್ಶನಕ್ಕಾಗಲಿ, ಆ ಸರ್ಜಾಪುರದಾವ್ರ ಸಂದರ್ಶನಕ್ಕಾಗಲಿ, ನೋಟ್‌ಬುಕ್ಕ ಟೇಬಲ್ ಮ್ಯಾಲೆ ಇಟ್ರ ನಿಮ್ಮ 47 ಯಾರೂ ಕೇಳಂಗಿಲ್ಲ.

ಬಿ.ಎಡ್. ಮೇಷ್ಟ್ರು

ಕೇಳ್ತಾರೆ ಸಾರ್, ಅರ್ಜಿ ಪರಿಶೀಲಿಸುವ ಗುಮಾಸ್ತರು ಮೊದಲು ಅದನ್ನೇ ಕೇಳುತ್ತಾರೆ. ಸಂದರ್ಶನದ ಕೋಣೆಯೊಳಗೆ ಹೋದಮೇಲೆ ನೀವು ಹೇಳಿದ್ದು ಸರಿ.

ಗುರು_ಪ್ರಸನ್ನ

ಎಂ.ಎಡ್. ಮತ್ತೆ ಒಂದೇ ವರ್ಷ ಆಗುತ್ತಂತಲ್ಲ? ಕಾದರೆ ಲಾಭ ಅಲ್ವಾ?

ಬಿ.ಎಡ್. ಮೇಷ್ಟ್ರು

ಈ ಸಲ ಒಳ್ಳೆ ಪ್ರಶ್ನೆ ಕೇಳಿದ್ದೀರಿ. 2025ರ ಫೆಬ್ರುವರಿಯಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡಿನಲ್ಲಿ ಪೂರ್ಣಾವಧಿ ಎಂ.ಎಡ್. ಒಂದು ವರ್ಷ, ಕೆಲಸದಲ್ಲಿರುವವರಿಗೆ ಅರೆಕಾಲಿಕ ಎಂ.ಎಡ್. ಎರಡು ವರ್ಷ ಎಂದಿತ್ತು. ಅರೆಕಾಲಿಕದ್ದು ಬಂದರೆ ಮೇಡಂನಂಥವರಿಗೆ ಹೇಳಿ ಮಾಡಿಸಿದ್ದು. ಆದರೆ ಕರಡು ನೋಡಿ ವರ್ಷ ಕಳೆಯಬಾರದು. ಗೆಜೆಟ್ಟಿನಲ್ಲಿ ಬಂದು, ಹತ್ತಿರದ ವಿವಿ ಅದನ್ನು ಶುರು ಮಾಡಿ, ಪ್ರವೇಶ ಪ್ರಕಟಣೆ ಹಾಕಿದ ದಿನ ಅದು ಕೋರ್ಸು. ಬಿ.ಎಡ್.ಗೆ ಹೇಗೂ ಎರಡು ವರ್ಷ ಹೋಗುತ್ತದೆ, ಅಷ್ಟರಲ್ಲಿ ಚಿತ್ರ ಸ್ಪಷ್ಟವಾಗಿರುತ್ತದೆ.

ತಾಂಡಾ ಟೀಚರ್ (ವಿಜಯಪುರ ಜಿಲ್ಲೆ)

ಹಾಗಾದರೆ ಬಿ.ಎಡ್.ಗೆ ಅರ್ಜಿ ಹಾಕ್ತೀನಿ. ಪೂರ್ವಾನುಮತಿ ಅರ್ಜಿ ಇವತ್ತು ರಾತ್ರಿಯೇ ಬರೀತೀನಿ. ಮಹಿಳಾ ವಿವಿ ಗ್ರಂಥಾಲಯಕ್ಕೂ ರಜೆಯಲ್ಲಿ ಹೋಗಿ ಆ ಕಪ್ಪು ರಟ್ಟಿನ ಕಪಾಟು ನೋಡ್ತೀನಿ ಸರ್ರ, ಮುಂದಕ್ಕೆ ಬೇಕಾಗುತ್ತೆ.

ಒಂದು ಸಣ್ಣ ತೊಡಕು. ಡಿ.ಎಡ್. ಮೂಲ ಅಂಕಪಟ್ಟಿ ನೈಜತೆ ಪರಿಶೀಲನೆಗೆ ಅಂತ ಹಿಂದೆ ಕಚೇರಿಗೆ ಕೊಟ್ಟದ್ದು ಇನ್ನೂ ವಾಪಸ್ ಬಂದಿಲ್ಲ. ಪ್ರವೇಶಕ್ಕೆ ಜೆರಾಕ್ಸ್ ನಡೆಯುತ್ತಾ?

ಬಿ.ಎಡ್. ಮೇಷ್ಟ್ರು

ನಡೆಯುವುದಿಲ್ಲ. ಪ್ರವೇಶದ ಹೊತ್ತಿಗೆ ಮೂಲ ದಾಖಲೆ ತೋರಿಸಲೇಬೇಕು. ಆಗ ಕೊಟ್ಟದ್ದಕ್ಕೆ ಸ್ವೀಕೃತಿ ಇದ್ದರೆ ಅದನ್ನು ಹಿಡಿದುಕೊಂಡು ಕಚೇರಿಗೆ ಹೋಗಿ, ಫೋನ್ ಮಾಡಬೇಡಿ. ಸ್ವೀಕೃತಿ ಇಲ್ಲದಿದ್ದರೆ ಲಿಖಿತ ಮನವಿ ಕೊಟ್ಟು ಈಗಲಾದರೂ ಮುದ್ರೆ ಹಾಕಿಸಿಕೊಳ್ಳಿ. ಅವರು ಕಳೆದುಹೋಗಿದೆ ಎಂದು ಬರೆದುಕೊಟ್ಟರೆ ಪರೀಕ್ಷಾ ಮಂಡಳಿಗೆ ಎರಡನೇ ಪ್ರತಿಗೆ ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಪೂರ್ವಾನುಮತಿ ಅರ್ಜಿ ಕೊಡಲು ಹೇಗೂ ಹೋಗುತ್ತೀರಲ್ಲ, ಅದೇ ದಿನ ಇದನ್ನೂ ವಿಚಾರಿಸಿ.